ಹೆಬ್ಬೆರಳಿಗೊಂದು ಮೋರಿ ವೈರಸ್ಸು

ಕಿಟ್ಟಣ್ಣ: ಮೋರಿಯ ವೈರಸ್ಸು ನನ್ನ ಕಾಲಿಗಾ? ನೀನು ನನ್ನ ತಂಗಿಯ ಮಗಳೋ, ಇಲ್ಲ ಎದುರಿನ ಹೋಟೆಲಿನವ ಕಳಿಸಿದ ಜನವೋ?

ನಮಿತಾ: ಮಾವ, ಮೋರಿ ನೀರು ಹಚ್ಚುದಲ್ಲ. ಅದರಲ್ಲಿ ಸಿಕ್ಕಿದ ವೈರಸ್ಸನ್ನು ಲ್ಯಾಬಲ್ಲಿ ಬೆಳೆಸಿ, ಶುದ್ಧ ಮಾಡಿ ಕೊಡುದು. ಅದು ಮನುಷ್ಯರ ತಂಟೆಗೆ ಬರುದಿಲ್ಲ. ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ತದೆ.

ಕಿಟ್ಟಣ್ಣ: ಹುಟ್ಟಿದ್ದು ಮೋರಿಯಲ್ಲಿ ತಾನೇ?

ಪಲ್ಲಾವರಂನ ಆ ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಮುಗಿದು, ಸಂಜೆಯ ಬೋಂಡಾ ಇನ್ನೂ ಎಣ್ಣೆಗೆ ಬೀಳದ ಹೊತ್ತು. ಮಾಲೀಕ ಕಿಟ್ಟಣ್ಣ ಬ್ಯಾಂಡೇಜು ಸುತ್ತಿದ ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿ ಗಲ್ಲಾದ ಹಿಂದೆ ಕುಳಿತಿದ್ದ. ಸಕ್ಕರೆ ಕಾಯಿಲೆಯ ಕಾಲು. ಹೆಬ್ಬೆರಳಿನ ಹುಣ್ಣು ಐದು ತಿಂಗಳಾದರೂ ಮಾಗಿರಲಿಲ್ಲ. ಶುಕ್ರವಾರ ಬೆರಳು ತೆಗೆಯುವುದೆಂದು ಡಾಕ್ಟರು ದಿನ ಗೊತ್ತು ಮಾಡಿದ್ದರು. ಅದಕ್ಕೆ ಮೊದಲು ಇದೊಂದನ್ನು ನೋಡೋಣವೆಂದು ಗಿಂಡಿ ಎಂಬಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುವ ನಮಿತಾ ಡಾಕ್ಟರನ್ನು ಒಪ್ಪಿಸಿ, ಒಪ್ಪಿಗೆ ಪತ್ರ ಹಿಡಿದು ಬಂದಿದ್ದಳು. ಬಾಕಿ ಇದ್ದದ್ದು ಕಿಟ್ಟಣ್ಣನ ರುಜು ಒಂದೇ. ಹೆಂಡತಿ ಸರಸಳಿಗೆ ಆ ಬೆರಳು ಹೇಗಾದರೂ ಉಳಿಯಬೇಕಿತ್ತು. ಬೆರಳಿನ ಮಾಲೀಕನ ಮೇಲೆ ಮಾತ್ರ ಬೆಳಗ್ಗಿನಿಂದ ಸಿಟ್ಟು ನೆತ್ತಿಗೇರಿತ್ತು.

ಸರಸ: ಅಲ್ಲಿ ಡಾಕ್ಟ್ರು ಕತ್ತಿ ಹಿಡ್ಕೊಂಡು ಕೂತಿದ್ದಾರೆ, ಇಲ್ಲಿ ಇವ್ರಿಗೆ ವೈರಸ್ಸಿನ ಕುಲಗೋತ್ರ ಆಗ್ಬೇಕು!

ಕಿಟ್ಟಣ್ಣ: ಆಗ್ಬೇಡ್ವಾ ಮತ್ತೆ? ಕೂಸೇ, ಅದು ಎಂತ ತಿಂತದೆ?

ನಮಿತಾ: ತಿನ್ನುದು ಅಂತಲ್ಲ ಮಾವ. ಬ್ಯಾಕ್ಟೀರಿಯಾದ ಒಳಗೆ ನುಗ್ಗಿ, ಅಲ್ಲೇ ನೂರಾರು ಆಗಿ, ಅದನ್ನು ಒಡ್ದು ಹೊರಗೆ ಬರ್ತದೆ.

ಕಿಟ್ಟಣ್ಣ: ಅಂದ್ರೆ ನಾನ್‌ವೆಜ್ಜು. ‘ಶುದ್ಧ ಸಸ್ಯಾಹಾರಿ’ ಬೋರ್ಡಿನ ಕೆಳಗೆ ಕೂತವನ ಕಾಲಿಗೆ ನಾನ್‌ವೆಜ್ ವೈರಸ್ಸು!

ಸರಸ: ಈಗ ನಿಮ್ಮ ಬೆರಳನ್ನು ಮುಕ್ತಾ ಇರುವ ಬ್ಯಾಕ್ಟೀರಿಯಾ ಎಂತ, ಸಾಂಬಾರಲ್ಲಿ ಇಡ್ಲಿ ಅದ್ದಿ ತಿಂತಾ ಉಂಟಾ?

ಕಿಟ್ಟಣ್ಣ: ಲೋಕದಲ್ಲಿ ಮಾತ್ರೆ ಅಂತ ಒಂದು ಇಲ್ವಾ?

ನಮಿತಾ: ಹದಿನಾಲ್ಕು ಮದ್ದು ಟೆಸ್ಟ್ ಮಾಡಿ ಆಯ್ತು, ಒಂದಕ್ಕೂ ಆ ಬ್ಯಾಕ್ಟೀರಿಯಾ ಸಾಯ್ಲಿಲ್ಲ. ನಿಮಗೆ ಮೊದಲು ಕೊಟ್ಟ ಮಾತ್ರೆ ಎಷ್ಟು ದಿನದ್ದು?

ಕಿಟ್ಟಣ್ಣ: ಏಳು. ಮೂರನೇ ದಿನ ನೋವು ಹೋಯ್ತು, ನಿಲ್ಲಿಸ್ದೆ. ಉಳಿದದ್ದನ್ನು ದಂಡ ಮಾಡ್ಲಿಲ್ಲ ಮತ್ತೆ.

ಸರಸ ಗಲ್ಲಾದ ಕೆಳಗಿನ ಡ್ರಾಯರನ್ನು ಸರ್ರನೆ ಎಳೆದಳು. ಅರ್ಧಂಬರ್ಧ ಖಾಲಿಯಾದ ಮಾತ್ರೆಪಟ್ಟಿಗಳು ಕಿಕ್ಕಿರಿದಿದ್ದವು.

ಸರಸ: ನೋಡು. ಸಪ್ಲಾಯರ್ ಸೀನಿದ್ರೆ ಒಂದು, ಭಟ್ಟರಿಗೆ ಮೈ ಬಿಸಿ ಆದ್ರೆ ಎರಡು. ಬಿಲ್ಲಿನ ಜೊತೆ ಸೋಂಪಿನ ತಟ್ಟೆಯಲ್ಲಿಟ್ಟು ಗಿರಾಕಿಗಳಿಗೆ ಕೊಡುದೊಂದು ಬಾಕಿ.

ನಮಿತಾ: ಕಡವುಳೇ, ದೇವರೇ! ಮಾವ, ನೀವು ಬ್ಯಾಕ್ಟೀರಿಯಾವನ್ನು ಕೊಲ್ಲಲಿಲ್ಲ, ಅದಕ್ಕೆ ಟ್ಯೂಷನ್ ಕೊಟ್ರಿ. ಈಗ ಅದು ಡಿಗ್ರಿ ಮುಗಿಸಿ ಕೂತಿದೆ.

ಕಿಟ್ಟಣ್ಣ: ನಿನ್ನ ವೈರಸ್ಸು ಎಷ್ಟು ಓದಿದೆ?

ನಮಿತಾ: ಅದು ಮೊದಲು ಸೋಂಬೇರಿ. ಬ್ಯಾಕ್ಟೀರಿಯಾದ ಒಳಗೆ ಹೋಗಿ, ಕೊಲ್ಲುದು ಬಿಟ್ಟು ಸುಮ್ಮನೆ ಮಲಗ್ತಿತ್ತು. ಆ ಮಲಗಿಸುವ ಜೀನನ್ನೇ ನಾವು ಕತ್ತರಿಸಿ ತೆಗ್ದೆವು. ಈಗ ಒಳಗೆ ಹೋದದ್ದೇ ಕೆಲಸ ಶುರು.

ಕಿಟ್ಟಣ್ಣ ಅಂದು ಮೊದಲ ಬಾರಿಗೆ ನೆಟ್ಟಗೆ ಕುಳಿತ.

ಕಿಟ್ಟಣ್ಣ: ಹೌದಾ! ನಮ್ಮ ಸಪ್ಲಾಯರ್‌ಗಳಿಗೆ ಅದನ್ನು ಮಾಡ್ಲಿಕ್ಕೆ ಆಗ್ತದಾ?

ಸರಸ: ಮಾಲೀಕರಿಂದಲೇ ಶುರು ಮಾಡುವ.

ಕಿಟ್ಟಣ್ಣ: ನೀನು ಸುಮ್ಮನಿರು. ಯಾವ ಮೋರಿಯದ್ದು ಅದು? ಎದುರಿನ ಹೋಟೆಲಿನ ವಿಶ್ವನಾಥನದ್ದಾದ್ರೆ ಬೆರಳು ಹೋದ್ರೂ ಅಡ್ಡಿಲ್ಲ, ನನಗೆ ಬೇಡ. ನಾಳೆ ಅವ ‘ಕಿಟ್ಟಣ್ಣನ ಕಾಲು ಉಳಿದದ್ದು ನಮ್ಮ ಮೋರಿಯಿಂದ’ ಅಂತ ಬೋರ್ಡು ಹಾಕಿಯಾನು.

ನಮಿತಾ: ಕೂವಂ ಹೊಳೆಯ ನೀರು ತಂದೆವು, ಮಾಧವರಂ ತನಕ ಹೋಗಿ ಚರಂಡಿ ಚರಂಡಿ ಹುಡುಕಿದೆವು. ನಲ್ವತ್ತೊಂದು ಬಾಟ್ಲಿ. ಯಾವುದರ ವೈರಸ್ಸೂ ನಿಮ್ಮ ಬ್ಯಾಕ್ಟೀರಿಯಾವನ್ನು ಮುಟ್ಟಿ ನೋಡ್ಲಿಲ್ಲ. ಕಡೆಗೆ ಅತ್ತೆ ಒಂದು ಬಾಟ್ಲಿ ಕೊಟ್ರು.

ಸರಸ ತಲೆ ಮೇಲಿನ ಫ್ಯಾನನ್ನು ನೋಡತೊಡಗಿದಳು.

ಕಿಟ್ಟಣ್ಣ: ಸರಸಾ, ಎಲ್ಲಿಂದ ತುಂಬಿಸ್ದೆ?

ಸರಸ: ನಮ್ಮ ಪಾತ್ರೆ ತೊಳೆಯುವ ಕಡೆಯಿಂದ.

ಕಿಟ್ಟಣ್ಣ: ನನ್ನ ಅಡಿಗೆಮನೆಯಿಂದಾ! ಮೂವತ್ತು ವರ್ಷದಿಂದ ಚಪ್ಪಲಿ ಮೆಟ್ಟಿದ ಒಂದು ಕಾಲನ್ನೂ ಒಳಗೆ ಬಿಡ್ಲಿಲ್ಲ ನಾನು. ಅಲ್ಲಿಗೆ ಕೊಳೆ ಎಲ್ಲಿಂದ ಬರ್ತದೆ?

ನಮಿತಾ: ಬ್ಯಾಕ್ಟೀರಿಯಾ ಇದ್ದಲ್ಲೇ ಅದನ್ನು ಕೊಲ್ಲುವ ವೈರಸ್ಸೂ ಇರ್ತದೆ ಮಾವ. ನಿಮ್ಮ ಹುಣ್ಣಿನದ್ದೇ ಬ್ಯಾಕ್ಟೀರಿಯಾ ಆ ನೀರಲ್ಲೂ ಸಿಕ್ಕಿತು. ಕಾಲಿಗೆ ಸ್ಪರ್ಶ ಕಡಿಮೆ, ಗೀರಿದ್ದು ಗೊತ್ತಾಗುದಿಲ್ಲ. ಬರಿಗಾಲಲ್ಲಿ ಅದೇ ನೀರು ತುಳಿದು ಓಡಾಡಿದ್ರಿ.

ಸರಸ: ಮಡಿಗೆ!

ಸರಸಳಿಗೆ ಗೆದ್ದ ಖುಷಿ ಆಗಬೇಕಿತ್ತು, ಆಗಲಿಲ್ಲ. ದಿನಾ ಬೆಳಗ್ಗೆ ಬ್ಯಾಂಡೇಜು ಬಿಚ್ಚುವವಳು ಅವಳೇ. ಆ ಬೆರಳಿನ ಬಣ್ಣ ನೆನಪಾಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸರಸ: ನನಗೆ ಹೆದರಿಕೆ ಆಗ್ತದೆ ಇವ್ರೇ. ಈಗ ಬೆರಳು ಅಂತಾರೆ, ಆಮೇಲೆ ಪಾದ ಅಂತಾರೆ. ಆಗಲೂ ನೀವು ಮೋರಿ ಯಾರದ್ದು ಅಂತ ಕೇಳ್ತಾ ಕೂತಿರ್ತೀರಿ.

ಕಿಟ್ಟಣ್ಣ ಹೆಂಡತಿಯ ಮುಖ ನೋಡಿದ, ಕಾಲು ನೋಡಿದ, ಬೋರ್ಡು ನೋಡಿದ.

ಕಿಟ್ಟಣ್ಣ: ಅಳ್ಬೇಡ ಮಾರಾಯ್ತಿ. ನಮ್ಮದೇ ಮೋರಿ ತಾನೇ? ಹೊರಗಿನದ್ದಲ್ಲವಲ್ಲ. ಕೊಡು ಪೆನ್ನು.

ನಮಿತಾ: ಗುಣ ಆಗಿಯೇ ಆಗ್ತದೆ ಅಂತ ನಾನು ಹೇಳುದಿಲ್ಲ ಮಾವ. ಡಾಕ್ಟ್ರು ಶುಕ್ರವಾರದ್ದನ್ನು ಮುಂದೆ ಹಾಕಿ ಎರಡು ವಾರ ನೋಡ್ತಾರೆ.

ಕಿಟ್ಟಣ್ಣ: ಗೊತ್ತಾಯ್ತು, ಗೊತ್ತಾಯ್ತು. ಇಲ್ಲಿ ವೈರಸ್ಸಿನ ಹೆಸರು ಅಂತ ಉಂಟಲ್ಲ, ಅದೆಂತ?

ನಮಿತಾ: ಹೊಸ ವೈರಸ್ಸಿಗೆ ಕಂಡುಹಿಡಿದವರು ಹೆಸರಿಡುದು ನಮ್ಮಲ್ಲಿ ಪದ್ಧತಿ.

ಕಿಟ್ಟಣ್ಣ: ಹಾಗಾದ್ರೆ ನಮ್ಮ ಹೋಟೆಲಿನ ಹೆಸರಿಡು. ಪುಕ್ಕಟೆ ಪ್ರಚಾರ! ...ಬೇಡ, ಬೇಡ, ತಡಿ. ಸಿಕ್ಕಿದ್ದು ಎಲ್ಲಿ ಅಂತ ಜನ ಕೇಳ್ತಾರೆ. ವಿಶ್ವನಾಥನ ಹೋಟೆಲಿನ ಹೆಸರೇ ಇಡು.

ಸರಸ: ಬಾಟ್ಲಿ ತುಂಬಿಸಿದವಳು ನಾನು. ಹೆಸರು ನಾನು ಇಟ್ಟಾಯ್ತು, ಟೈಪೂ ಆಗಿದೆ. ಕನ್ನಡಕ ಹಾಕಿ ಓದಿ.

ಕಿಟ್ಟಣ್ಣ ಓದಿದ. ಮತ್ತೊಮ್ಮೆ ಓದಿದ.

ಕಿಟ್ಟಣ್ಣ: ‘ಕಿಟ್ಟಣ್ಣ–೧’! ನನ್ನ ಹೆಸರು ಯಾಕೆ?

ಸರಸ: ಗುಣ ನೋಡಿ ಇಟ್ಟದ್ದು. ನಮ್ಮ ಅಡಿಗೆಮನೆಯ ಮೋರಿಯಲ್ಲೇ ಮೂರು ಹೊತ್ತು. ಒಳಗೆ ಬಂದ್ರೆ ನಿದ್ರೆ. ಯಾರಾದ್ರೂ ಕತ್ತರಿ ಹಿಡಿದ ಮೇಲೆಯೇ ಕೆಲಸ. ರುಜು ಹಾಕಿ.