ಹೂರಣ ತಲುಪದ ವೋಲ್ಟೇಜ್

ಶಿವಮೊಗ್ಗದ ವಿದ್ಯಾನಗರದಲ್ಲಿ ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಆದ್ದರಿಂದ ನೆಂಟರ ಮನೆಯ ಕರೆಂಟಿನ ಸಕಲ ವ್ಯವಹಾರವೂ ನನ್ನ ಇಲಾಖೆಗೆ ಸೇರಿದ್ದೆಂದು ನಂಬಿದ್ದೇನೆ. ನೆಂಟರು ಇನ್ನೂ ನಂಬಿಲ್ಲ!

ಅಂದು ಭದ್ರಾವತಿಯಲ್ಲಿ ನಾದಿನಿ ಶೋಭಾಳ ಮಗಳನ್ನು ನೋಡಲು ಗಂಡಿನ ಕಡೆಯವರು ಮಧ್ಯಾಹ್ನದ ಊಟಕ್ಕೇ ಬರುವವರಿದ್ದರು. ಹೋಳಿಗೆ ಆಗಲೇಬೇಕು. ಬೇಳೆ ಬೆಂದಿತ್ತು, ಬೆಲ್ಲ ಸೇರಿತ್ತು. ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲದೆ ಗ್ರೈಂಡರನ್ನು ಹಿತ್ತಿಲ ಶೆಡ್ಡಿಗೆ ಸಾಗಿಸಿದ್ದರು. ಅಲ್ಲಿ ಪ್ಲಗ್ ಪಾಯಿಂಟ್ ಇರಲಿಲ್ಲ.

"ನಾನಿದ್ದೀನಲ್ಲ!" ಎಂದೆ.

ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್‌ಗೆ ತಂದು ಉಳಿದಿದ್ದ ಸಣ್ಣ ವೈರನ್ನು ಮುಂಬಾಗಿಲ ಪ್ಲಗ್ಗಿನಿಂದ ಹಿತ್ತಿಲವರೆಗೂ ಎಳೆದೆ. ಸಾಲದ ಕಡೆ ಗಂಟು ಹಾಕಿ ಟೇಪ್ ಸುತ್ತಿದೆ. ಮೀಟರಿಟ್ಟು ನೋಡಿದರೆ ಇನ್ನೂರ ಮೂವತ್ತು ವೋಲ್ಟ್! ಎದೆಯುಬ್ಬಿಸಿ ಗ್ರೈಂಡರಿನ ಸ್ವಿಚ್ ಒತ್ತಿದೆ. "ಮ್‌ಮ್‌ಮ್" ಎಂದಿತು. ಕಲ್ಲು ಅಲುಗಲಿಲ್ಲ.

ಗ್ರೈಂಡರಿನ ಪ್ಲಗ್ ಕಿತ್ತು ಮತ್ತೆ ವೈರಿನ ತುದಿಯಲ್ಲಿ ಅಳೆದೆ. ಅಷ್ಟೇ ವೋಲ್ಟ್.

"ಶೋಭಾ, ನಿಮ್ಮ ಗ್ರೈಂಡರ್ ಹೋಗಿದೆ."

"ನಿನ್ನೆ ಇಡ್ಲಿಗೆ ರುಬ್ಬಿದೀನಿ ಭಾವ!"

"ನಿನ್ನೆ ಚೆನ್ನಾಗಿತ್ತು. ಇವತ್ತು ಹೋಗಿದೆ."

ಬಿಚ್ಚಿದೆ. ಬಿಚ್ಚುವುದು ನನಗೆ ಚೆನ್ನಾಗಿ ಬರುತ್ತದೆ. ಜೋಡಿಸಿದಾಗ ಒಂದಷ್ಟು ಸ್ಕ್ರೂ ಉಳಿದವು, ಜೇಬಿಗೆ ಹಾಕಿಕೊಂಡೆ. ಸ್ವಿಚ್ ಒತ್ತಿದೆ. ಮತ್ತೆ "ಮ್‌ಮ್‌ಮ್!" ಬಿಸಿಯಾದರೆ ತಿರುಗೀತೆಂದು ಹಾಗೇ ಬಿಟ್ಟೆ.

ಬಿಸಿಯಾಯಿತು. ಗ್ರೈಂಡರಲ್ಲ!

"ರೀ, ಈ ವೈರ್ ಯಾಕೆ ಇಷ್ಟು ಸುಡ್ತಿದೆ?" ಎಂದು ಹೆಂಡತಿ ಸುಮಾ ಕಾಲು ಹಿಂದೆಗೆದಳು.

ಆಗ ನನಗೆ ಪಾಠ ನೆನಪಾಯಿತು. ಉದ್ದನೆಯ ಸಣ್ಣ ವೈರ್ ದಾರಿಯಲ್ಲೇ ವೋಲ್ಟೇಜ್ ನುಂಗುತ್ತದೆ. ಆದರೆ ಕರೆಂಟು ಹರಿದಾಗ ಮಾತ್ರ. ಬರೀ ಮೀಟರಿಟ್ಟರೆ ಪೂರ್ತಿ ತೋರಿಸುತ್ತದೆ. ಹೋದ ವಾರವಷ್ಟೇ ಹತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನೇ ಬೋರ್ಡಿನ ತುಂಬ ಬರೆದು ವಿವರಿಸಿದ್ದೆ!

"ಅಲ್ಲ ಮಾರಾಯ್ರೇ, ಗ್ರೈಂಡರನ್ನೇ ಪ್ಲಗ್ ಹತ್ರ ತಂದ್ರೆ ಆಗಲ್ವಾ?" ಎಂದಳು ಸುಮಾ.

ಹೊತ್ತು ತಂದೆವು. ಸ್ವಿಚ್ ಒತ್ತಿದೆ. ಪೂರ್ತಿ ವೋಲ್ಟೇಜ್ ಬಂತು, ಗ್ರೈಂಡರ್ ಗುಡುಗಿತು. ಜೇಬಿನ ಸ್ಕ್ರೂಗಳ ಬೆಲೆ ಆಗ ತಿಳಿಯಿತು. ಬೆಲ್ಟು ಹಾರಿ ಬಂದು ನನ್ನ ಕಾಲ ಬಳಿ ಬಿತ್ತು.

"ಹಿತ್ತಿಲಲ್ಲಿ ಒರಳುಕಲ್ಲಿದೆ ಭಾವ" ಎಂದಳು ಶೋಭಾ, ಬಹಳ ಮೆತ್ತಗೆ. ಸುಮಾ ನನ್ನ ಮುಂದೆ ಹೂರಣದ ಪಾತ್ರೆ ಇಟ್ಟಳು. ಅದಕ್ಕೆ ವಿವರಣೆ ಬೇಕಿರಲಿಲ್ಲ.

ಊಟಕ್ಕೆ ಕೂತ ಗಂಡಿನ ತಂದೆ ಹೋಳಿಗೆ ಮುರಿದು ಬಾಯಿಗಿಟ್ಟರು. "ಹೂರಣ ಏನ್ ನುಣ್ಣಗಿದೆ! ಅಂದ್ಹಾಗೆ ಮೇಷ್ಟ್ರೇ, ತಾವು ಸ್ಕೂಲಲ್ಲಿ ಯಾವ ಸಬ್ಜೆಕ್ಟು?"

ಅಕ್ಕತಂಗಿಯರಿಬ್ಬರೂ ನನ್ನನ್ನೇ ನೋಡಿದರು. ಎತ್ತಲಾಗದ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಹೇಳಿದೆ:

"ಸಮಾಜ ವಿಜ್ಞಾನ."