ಹೆಂಡತಿಯ ಅಂಗೈಯೊಳಗಿನ ನಾಣ್ಯ

ಅನುಮಾನ ಪಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ತಮಾಷೆಯಲ್ಲ. ಬೀದರಿನ ಕಾಲೇಜೊಂದರಲ್ಲಿ ನಾನು ತತ್ತ್ವಶಾಸ್ತ್ರದ ಮೇಷ್ಟ್ರು. ಎದುರಿಗಿರುವ ಮೇಜು ನಿಜವಾಗಿಯೂ ಇದೆಯೇ, ಇದ್ದರೆ ಅದು ನಮಗೆ ಹೇಗೆ ಗೊತ್ತು ಎಂದು ಹುಡುಗರನ್ನು ಕೇಳುವುದು ನನ್ನ ಕೆಲಸ. ಕೇಳುವಾಗ ಅದೇ ಮೇಜಿಗೆ ಒರಗಿಕೊಂಡಿರುತ್ತೇನೆ ಎಂಬುದನ್ನು ಅವರು ಇನ್ನೂ ಗಮನಿಸಿಲ್ಲ. ಈ ಅನುಮಾನವನ್ನು ಕಾಲೇಜಿನ ಗೇಟಿನಲ್ಲೇ ಬಿಟ್ಟು ಬರಬೇಕಿತ್ತು. ನಾನೋ ಅದನ್ನು ಊಟದ ಡಬ್ಬಿಯ ಜೊತೆ ಮನೆಗೂ ತರುತ್ತೇನೆ. ಹಾಲಿನವನ ಮೇಲೆ ಅನುಮಾನ, ಗೋಡೆ ಗಡಿಯಾರದ ಮೇಲೆ ಅನುಮಾನ, ಇತ್ತೀಚೆಗೆ ಹೆಂಡತಿ ಚಿಮ್ಮುವ ನಾಣ್ಯದ ಮೇಲೆ.

ನನ್ನ ಹೆಂಡತಿ ಸುಗುಣಾ ಆಸ್ಪತ್ರೆಯಲ್ಲಿ ನರ್ಸು. ವಾರ್ಡಿನಲ್ಲಿ ಯೋಚಿಸುತ್ತಾ ನಿಂತರೆ ನಡೆಯುವುದಿಲ್ಲ. ಆ ಅಭ್ಯಾಸವನ್ನು ಅವಳೂ ಮನೆಗೆ ತಂದಿದ್ದಾಳೆ. ಅಡುಗೆಮನೆಗೆ ಯಾವ ಬಣ್ಣ, ನೀರಿನ ಟಾಕಿ ತೊಳೆಯುವವರು ಯಾರು, ಹೀಗೆ ಯಾವ ವಾದ ಎದ್ದರೂ ಸರಿ, ನಾನು ಎರಡೂ ಪಕ್ಷಗಳನ್ನು ಮಂಡಿಸಿ ಮೂರನೆಯದೊಂದನ್ನು ಹುಡುಕುವಷ್ಟರಲ್ಲಿ ಅವಳು "ಛಾಪಾ ಏನ್ರಿ, ಕಾಟಾ ಏನ್ರಿ?" ಎಂದುಬಿಡುತ್ತಾಳೆ. ಸಿಂಹದ ಬದಿ ಛಾಪಾ, ಅಂಕಿಯ ಬದಿ ಕಾಟಾ. ನಾಣ್ಯ ಚಿಮ್ಮಿ, ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಮುಚ್ಚಿ, ಇಷ್ಟೇ ಇಷ್ಟು ಸರಿಸಿ ಇಣುಕಿ ನೋಡಿ ತೀರ್ಪು ಹೇಳುತ್ತಾಳೆ. ಆಮೇಲೆ ಆ ನಾಣ್ಯ ಚರ್ಚಿನ ಕಾಣಿಕೆಗೆಂದು ಇಟ್ಟ ಡಬ್ಬಿಗೆ ಬೀಳುತ್ತದೆ, ಭಾನುವಾರ ದೇವರಿಗೆ ಸೇರುತ್ತದೆ. ಸಾಕ್ಷ್ಯವನ್ನು ವಾಪಸ್ ಕೇಳುವಂತಿಲ್ಲ. ಟಾಕಿ ತೊಳೆಯುವವನು ನಾನು. ಅಡುಗೆಮನೆ ಹಳದಿ ಬಣ್ಣದ್ದು. ನಾನು ಕೇಳಿದ್ದು ಬಿಳಿ.

ಇಷ್ಟಕ್ಕೆಲ್ಲ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ತಲೆ ಕೆಟ್ಟದ್ದು ಕ್ರಿಸ್‌ಮಸ್ಸಿನಿಂದ. ಹಬ್ಬಕ್ಕೆ ಸುಗುಣಾಳಿಗೆ ಸಿಗುವುದು ಅದೊಂದೇ ದಿನದ ರಜೆ. ಬೆಳಗಿನ ಆರಾಧನೆ ಮುಗಿಸಿ ಬಸ್ಸು ಹತ್ತಿದರೆ ಒಂದೋ ಔರಾದ, ನನ್ನ ಅಕ್ಕನ ಮನೆ. ಇಲ್ಲವೇ ಭಾಲ್ಕಿ, ಅವಳ ತಮ್ಮನ ಮನೆ. ದಾರಿ ಬೇರೆ ಬೇರೆ, ಒಂದೇ ದಿನಕ್ಕೆ ಎರಡೂ ಆಗುವುದಿಲ್ಲ. ಛಾಪಾ ಬಿದ್ದರೆ ಔರಾದ, ಕಾಟಾ ಬಿದ್ದರೆ ಭಾಲ್ಕಿ ಎಂದು ನಿಯಮ ಮಾಡಿದವನು ನಾನೇ. ಬಿದ್ದದ್ದನ್ನು ಯಾವ ಕಾರಣಕ್ಕೂ ಬದಲಿಸುವಂತಿಲ್ಲ ಎಂದು ಸೇರಿಸಿದವನೂ ನಾನೇ. ಅಂದಿನಿಂದ ಪ್ರತಿ ವರ್ಷವೂ ಕಾಟಾ, ಪ್ರತಿ ವರ್ಷವೂ ಭಾಲ್ಕಿ. ಅಲ್ಲಿ ಅವಳ ತಮ್ಮ ಪ್ರಭಾಕರ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಒಳ್ಳೆಯವನೇ. ಆದರೆ ನನ್ನ ತಟ್ಟೆಗೆ ಬಿರಿಯಾನಿ ಬೀಳುತ್ತಿದ್ದಂತೆ ತಪ್ಪದೆ ಕೇಳುತ್ತಾನೆ: "ಮಾಮಾ, ತಪ್ಪ ತಿಳಕೋಬ್ಯಾಡ್ರಿ. ಈ ಫಿಲಾಸಫಿ ಓದಿ ಏನ್ ಕಲೀತಾರ್ರಿ?" ನಾನು ಗಂಟಲು ಸರಿಮಾಡಿಕೊಂಡು ಉತ್ತರ ಶುರು ಮಾಡುತ್ತೇನೆ. ಅಷ್ಟರಲ್ಲಿ ಅವನಿಗೆ ಗಿರಾಕಿಯ ಫೋನು ಬರುತ್ತದೆ. ಆ ಫೋನಿನ ಮೇಲೂ ನನಗೆ ಅನುಮಾನವಿದೆ.

ಕೊನೆಗೆ ಕೇಸನ್ನು ಗಣಿತದ ಕುರೇಶಿ ಸರ್ ಮುಂದಿಟ್ಟೆ. "ಸರ್, ನಾಣ್ಯಕ್ಕ ಯಾದ್ ಇರೂದಿಲ್ರಿ," ಎಂದರು ಅವರು. "ಹೋದ ವರ್ಷ ಹ್ಯಾಂಗ ಬಿದ್ದಿದ್ದೆ ಅಂತ ಅದಕ್ಕೇನ್ ಮಾಲೂಮ್? ಬಿಲ್ಕುಲ್ ಆಕಸ್ಮಿಕ ಅದರಿ." ಆಕಸ್ಮಿಕ ಎಂಬುದೇ ಇಲ್ಲ, ಕಾರಣ ಗೊತ್ತಿಲ್ಲದಾಗ ನಾವು ಇಟ್ಟುಕೊಂಡ ಹೆಸರು ಅದು, ಎಂದೆ ನಾನು. ಇರಲಿ, ಗೊತ್ತಿಲ್ಲದ್ದಕ್ಕೂ ಲೆಕ್ಕ ಹಾಕಬಹುದು ಎಂದರು ಅವರು. ಚಹಾ ಆರಿತು. ಸ್ಟಾಫ್ ರೂಮಿನಲ್ಲಿ ಇಬ್ಬರೂ ಕೈ ನೋಯುವವರೆಗೆ ನಾಣ್ಯ ಚಿಮ್ಮಿದೆವು. ಛಾಪಾ, ಕಾಟಾ ಹೆಚ್ಚುಕಡಿಮೆ ಸಮಸಮ ಬಿದ್ದವು. ಮರುದಿನ ತರಗತಿಯಲ್ಲಿ, ಜ್ಞಾನದ ಮೊದಲ ಸಾಧನ ಪ್ರತ್ಯಕ್ಷ, ಅಂದರೆ ಕಣ್ಣಾರೆ ಕಾಣುವುದು, ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದವನು ಅರ್ಧಕ್ಕೇ ನಿಂತೆ. ಇಷ್ಟು ವರ್ಷದಲ್ಲಿ ನಾನು ಬಿದ್ದ ನಾಣ್ಯವನ್ನು ಒಮ್ಮೆಯೂ ನೋಡಿರಲಿಲ್ಲ. ನೋಡಿದವಳು ಅವಳೊಬ್ಬಳೇ. ಇಬ್ಬರು ಮೇಷ್ಟ್ರುಗಳಿಗೆ, ಅಷ್ಟೊಂದು ಚಹಾಕ್ಕೆ, ಇದು ಹೊಳೆದಿರಲಿಲ್ಲ.

ಈ ವರ್ಷ ಮಾತ್ರ ನನಗೆ ಔರಾದಕ್ಕೆ ಹೋಗಲೇಬೇಕಿತ್ತು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಎತ್ತಿ ಆಡಿಸಿದವಳು ಅಕ್ಕ. ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಈಗಷ್ಟೇ ಕೋಲು ಹಿಡಿದು ನಡೆಯುತ್ತಿದ್ದಾಳೆ. ಫೋನಿನಲ್ಲಿ ಹೇಳಿದಳು: "ಈ ಸರ್ತೇರ ಬರ್ತಿ ಏನೋ ತಮ್ಮಾ? ಬಸ್ಸಿನ ಸಪ್ಪಳಾದ್ರ ಸಾಕು, ಬಾಗಿಲ ಕಡಿ ನೋಡ್ತೇನಿ." ನನಗೆ ಕಣ್ಣು ತುಂಬಿ ಬಂತು. ಫೋನು ಸ್ಪೀಕರಿನಲ್ಲಿತ್ತು; ಕರ್ಜಿಕಾಯಿ ತುಂಬುತ್ತಿದ್ದ ಸುಗುಣಾ ಎಲ್ಲವನ್ನೂ ಕೇಳಿದಳು. ಈ ಸಲ ಅಕ್ಕನ ಹತ್ತಿರ ಹೋಗೋಣ ಎಂದು ನಾನು ನೇರವಾಗಿ ಹೇಳಬಹುದಿತ್ತು. ಲೋಕದಲ್ಲಿ ಉಳಿದವರೆಲ್ಲ ಹಾಗೆಯೇ ಹೇಳುತ್ತಾರೆ. ನಾನು "ನಾಣ್ಯ ತಗೋ" ಎಂದೆ.

ಹಿಟ್ಟಿನ ಕೈ ಒರೆಸಿಕೊಂಡು ಅವಳು ಚಿಮ್ಮಿದಳು, ಹಿಡಿದಳು, ಇಣುಕಿದಳು. ಒಂದು ಗಳಿಗೆ ಸುಮ್ಮನಿದ್ದು, "ಛಾಪಾ ರೀ. ಔರಾದ," ಎಂದು ನಕ್ಕಳು.

ಕುಣಿಯಬೇಕಿತ್ತು ನಾನು. ನನಗೆ ಕಂಡದ್ದು ಆ ಒಂದು ಗಳಿಗೆ. ಯಾಕೆ ತಡೆದಳು? ಸೋತವಳು ನಗುವುದೇಕೆ? "ಕೈ ತೆಗಿ, ನೋಡ್ತೇನಿ," ಎಂದೆ.

"ಔರಾದ ಬಂತಲ್ರಿ, ಇನ್ನೇನ್ ನೋಡ್ತೀರಿ?"

"ಕಣ್ಣಾರೆ ನೋಡಬೇಕು."

ಅವಳು ನನ್ನ ಮುಖವನ್ನೇ ನೋಡುತ್ತಾ ಕೈ ತೆಗೆದಳು. ಅಂಗೈಯ ಮೇಲೆ ಅಂಕಿ ಮೇಲಾಗಿತ್ತು. ಕಾಟಾ.

"ಇಷ್ಟ್ ವರ್ಷ ನಾ ಖೋಟಿ ಆಡ್ತೇನಿ ಅಂತ ತಿಳಕೊಂಡಿದ್ರಿ, ಹೌದಲ್ರಿ?" ಎಂದಳು. ಧ್ವನಿ ಸಣ್ಣಗಾಗಿತ್ತು. "ದೇವರಾಣಿ, ಇವತ್ತೊಂದೇ ಸಲ ಸುಳ್ಳ ಹೇಳಿದ್ದೆ. ಅದನ್ನೂ ಹಿಡದ್ರಿ." ನಾಣ್ಯ ಡಬ್ಬಿಗೆ ಬಿತ್ತು. ನೀನು ಹೇಳಿದ್ದೇ ಇರಲಿ, ನಾನು ನೋಡೇ ಇಲ್ಲ ಎಂದುಕೊಳ್ಳೋಣ ಎಂದು ಗೋಗರೆದೆ. "ನಿಯಮ ನಿಮ್ದೇ ಅದರಿ. ಬಿದ್ದದ್ದು ಬದಲ್ಸೂ ಹಾಂಗಿಲ್ಲ," ಎಂದು ಅವಳು ಕರ್ಜಿಕಾಯಿಯ ಕಡೆ ತಿರುಗಿದಳು. ಅಕ್ಕನಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. "ಆಕಿ ಕೊಟ್ಟದ್ದು ತಗೊಳ್ಳಾಕ ಬರ್ಲಿಲ್ಲೇನೋ ನಿನಗ?" ಎಂದಳು ಅಕ್ಕ.

ಕ್ರಿಸ್‌ಮಸ್ಸಿನ ಮಧ್ಯಾಹ್ನ ಭಾಲ್ಕಿಯಲ್ಲಿ ತಟ್ಟೆಗೆ ಬಿರಿಯಾನಿ ಬಿತ್ತು. ಪ್ರಭಾಕರ ತನ್ನ ಪ್ರಶ್ನೆ ಕೇಳಿದ. ಗಿರಾಕಿಯ ಫೋನಿಗಾಗಿ ನಾನು ಮನಸ್ಸಿನಲ್ಲೇ ಪ್ರಾರ್ಥಿಸಿದೆ. ಎಂದೂ ತಪ್ಪದ ಫೋನು ಅಂದು ಬರಲಿಲ್ಲ. ಅವನು ಕಾಯುತ್ತಾ ಕುಳಿತ.

"ಗೆದ್ದ ಮ್ಯಾಲ ಸೋಲೂದು ಹ್ಯಾಂಗ ಅಂತ ಕಲೀತಾರೋ ಪ್ರಭಾ," ಎಂದಳು ಸುಗುಣಾ, ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕುತ್ತಾ.

ಅಭ್ಯಾಸಬಲದಿಂದ ನಾನು ಆ ಉತ್ತರದಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಆ ಹೊತ್ತಿಗೆ ಔರಾದಕ್ಕೆ ಬೀದರಿನ ಬಸ್ಸು ಬಂದಿರಬೇಕು.