ಒಂಟೆ ಪಿಚ್ಚರ್ ದರಿದ್ರವೋ, ಅಲ್ವೋ

ಟಾಕೀಸಲ್ಲಿ ಆಪರೇಟರ್ ಕೆಲ್ಸ ಮಾಡಿದವ್ನಿಗೆ ಒಂದು ಕಾಯಿಲೆ ಅಂಟ್ಕೊಳ್ತದೆ. ಊರಲ್ಲಿ ಎಲ್ಲೇ ಜಗಳ ಎದ್ರೂ, ಅದ್ರಲ್ಲಿ ತನ್ನ ಕೈ ಏನಾದ್ರೂ ಇದೆಯಾ ಅಂತ ಒಂದ್ಸಲ ನೋಡ್ಕೊಳ್ಳೋ ಕಾಯಿಲೆ. ನಾನು ನೋಡ್ಕೊಂಡಾಗೆಲ್ಲ ಸಾಮಾನ್ಯವಾಗಿ ಇರ್ತಿತ್ತು.

1. ಏನಿಲ್ದಿದ್ದು

ತೊಂಬತ್ತರ ದಶಕದಲ್ಲಿ ಹುಣಸೂರಿನ ಒಂದು ಟಾಕೀಸಲ್ಲಿ ನಾನು ಪ್ರೊಜೆಕ್ಟರ್ ಓಡಿಸ್ತಿದ್ದೆ. ಭಾನುವಾರ ಬೆಳಗಿನ ಆಟಕ್ಕೆ ನಮ್ಮ ಓನರ್ರು ಹಳೇ ಇಂಗ್ಲಿಷ್ ಗೂಢಚಾರಿ ಪಿಚ್ಚರ್ ತರಿಸ್ತಿದ್ರು. ಒಬ್ಬನೇ ಏಜೆಂಟು, ಮುಗೀದಷ್ಟು ಪಿಚ್ಚರ್ರು. ನಡುನಡುವೆ ಏಜೆಂಟನ ಮುಖ ಬದಲಾಗ್ತಿತ್ತು, ಕೋಟು ಮಾತ್ರ ಅದೇ.

ಇಂಗ್ಲಿಷ್ ಹೆಸರು ನೆನಪಿಟ್ಕೊಳ್ಳೋ ಕಷ್ಟ ಯಾರೂ ತಗೋತಿರಲಿಲ್ಲ. ಪಿಚ್ಚರಲ್ಲಿ ಏನು ಎದ್ದು ಕಾಣ್ತಿತ್ತೋ ಅದೇ ಹೆಸರು. ಹಿಮದ್ದು, ರೈಲಿಂದು, ಹಾವಿಂದು, ಒಂಟೇದು. ಟಿಕೆಟ್ ಕೊಡೋ ಕಿಟಕೀಲೂ ಅಷ್ಟೆ. "ಇವತ್ತು ಯಾವ್ದಣ್ಣ?" ಅಂದ್ರೆ "ಹಾವಿಂದು" ಅಂತಿದ್ರು, ಹೆಂಗಸರು ವಾಪಸ್ ಹೋಗ್ತಿದ್ರು.

ಒಂದು ಪಿಚ್ಚರಲ್ಲಿ ಹಿಮ, ರೈಲು, ಹಾವು, ಯಾವ್ದೂ ಇರಲಿಲ್ಲ. ಜನ ಅದಕ್ಕೆ "ಏನಿಲ್ದಿದ್ದು" ಅಂತ ಹೆಸರಿಟ್ರು. ಮುಂದಿನ ವಾರ ಅದೇ ಪಿಚ್ಚರ್ ಮತ್ತೆ ಹಾಕಿದಾಗ ಟಾಕೀಸು ತುಂಬಿ ಹೋಯ್ತು. ಎರಡೂಕಾಲು ಗಂಟೆ ಕೂತು ನೋಡಿ, ನಿಜವಾಗ್ಲೂ ಏನೂ ಇಲ್ಲ ಅಂತ ಒಪ್ಕೊಂಡು ಆಚೆ ಬಂದ್ರು.

2. ಒದ್ದೆ ಆಗದ ಕೋಟು

ಬಸ್ ಸ್ಟ್ಯಾಂಡ್ ಹತ್ರ ಒಂದು ಅಂಗಡಿ. ಬಾಗಿಲು ಒಂದೇ, ಒಳಗೆ ಅರ್ಧ ಟೈಲರಣ್ಣಂದು, ಅರ್ಧ ವಾಚ್ ರಿಪೇರಿ ಅಣ್ಣಂದು. ಇಬ್ರೂ ಒಂದೇ ಬೆಂಚಲ್ಲಿ ಕೂತು ಓದಿದವ್ರು, ಅಂದ್ರೆ ಓದು ಬಿಟ್ಟವ್ರು. ಅಂಗಡಿ ಓನರಮ್ಮನಿಗೆ ಬರೆದುಕೊಟ್ಟಿದ್ದ ಕರಾರುಪತ್ರವೂ ಒಂದೇ. ಇಬ್ರೂ ರುಜು ಹಾಕ್ಬೇಕು. ಒಬ್ಬ ಹಾಕಲ್ಲ ಅಂದ್ರೆ ಇಬ್ರೂ ಬೀದೀಲಿ.

ಇಬ್ರಿಗೂ ಏಜೆಂಟನ ಹುಚ್ಚು. ಆದ್ರೆ ಯಾವ ಪಿಚ್ಚರ್ ಚೆನ್ನಾಗಿದೆ ಅಂತ ಅವ್ರು ಒಂದಿನಾನೂ ಮಾತಾಡಿದ್ದು ನಾನು ಕೇಳಿಲ್ಲ. ಮಾತೆಲ್ಲ ಯಾವ್ದು ದರಿದ್ರ ಅನ್ನೋದ್ರ ಮೇಲೇ. ಟೈಲರಣ್ಣ ಕೋಟು ನೋಡಿ ಮಾರ್ಕ್ಸ್ ಹಾಕ್ತಿದ್ದ. ಹಿಂದಿನ ಸೀನಲ್ಲಿ ಎರಡು ಗುಂಡಿ ಇದ್ದದ್ದು ಮುಂದಿನ ಸೀನಲ್ಲಿ ಮೂರಾದ್ರೆ ಪಿಚ್ಚರ್ ಫೇಲು. ವಾಚಣ್ಣ ಬಾಂಬಿನ ಗಡಿಯಾರ ನೋಡ್ತಿದ್ದ. ಬಾಂಬಲ್ಲಿ ನಾಲ್ಕು ನಿಮಿಷ ತೋರಿಸಿ, ಇವ್ನ ಕೈಗಡಿಯಾರದಲ್ಲಿ ಆರು ನಿಮಿಷ ಆದ್ರೂ ಸಿಡೀಲಿಲ್ಲ ಅಂದ್ರೆ ಮಧ್ಯದಲ್ಲೇ ಎದ್ದು ಬಯ್ಯೋನು.

ಇಬ್ರೂ ಜಗಳಕ್ಕೆ ಬಿದ್ದಿದ್ದು ಒಂಟೇದ್ರಲ್ಲಿ. ಅದ್ರಲ್ಲಿ ಬೋಳುತಲೆ ಖಳ ಒಬ್ಬ ಒಂಟೆ ಮೇಲಿಂದ ನೀರಿದ್ದ ಪಾಳುಬಾವಿಗೆ ಬಿದ್ದು ಸಾಯ್ತಾನೆ. ಹತ್ತು ನಿಮಿಷ ಬಿಟ್ಟು ನೋಡಿದ್ರೆ ಅದೇ ಬೋಳುತಲೆ ಡೇರೆಯಲ್ಲಿ ಕಾಲ್ಮೇಲೆ ಕಾಲು ಹಾಕಿ ಕಾಫಿ ಕುಡೀತಾ ಕೂತವ್ನೆ.

"ಬಾವಿಗೆ ಬಿದ್ದು ಎದ್ದು ಬಂದವ್ನ ಕೋಟು ಒದ್ದೆ ಆಗಿಲ್ಲ ಕಣ್ಲಾ," ಅಂದ ಟೈಲರಣ್ಣ. "ಇದಕ್ಕಿಂತ ದರಿದ್ರ ಪಿಚ್ಚರ್ ಉಂಟಾ?"

ವಾಚಣ್ಣ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೀಲೂ ಇಲ್ಲ. ಬೋಳುತಲೆ ಬಾವಿಗೆ ಬೀಳೋವಾಗ ಆ ಖಳನ ಕೈಗಡಿಯಾರದಲ್ಲಿ ನಾಲ್ಕೂಕಾಲು, ಕಾಫಿ ಕುಡಿಯೋವಾಗ ಮೂರೂವರೆ ಅಂತ ಅವ್ನು ನೋಡಿದ್ದ. ಅಂದ್ರೆ ಡೈರೆಕ್ಟರ್ರು ಕಾಲವನ್ನೇ ಹಿಂದಕ್ಕೆ ತಿರುಗಿಸವ್ನೆ ಅಂತ ಅವ್ನ ವಾದ. "ಬೇಕಂತ್ಲೇ ಮಡಗವ್ನೆ. ಅರ್ಥ ಆಗಾಕೆ ತಲೆ ಬೇಕು," ಅಂದ.

ನಿಜ ಏನಂದ್ರೆ ಡೈರೆಕ್ಟರ್ರು ಮಡಗಿರಲಿಲ್ಲ. ನಾನು ಮಡಗಿದ್ದೆ.

3. ಬಸ್ಸು ಮುಂದೆ, ಮೊಪೆಡ್ಡು ಹಿಂದೆ

ಆಗ ಪಿರಿಯಾಪಟ್ಟಣದ ಟಾಕೀಸಿಗೂ ನಮಗೂ ಸೇರಿ ಒಂದೇ ಪ್ರಿಂಟು. ಅವ್ರು ಮುಂಚೆ ಆಟ ಶುರು ಮಾಡೋರು. ಓಡಿಸಿ ಮುಗಿದ ರೀಲನ್ನ ಡಬ್ಬಕ್ಕೆ ಹಾಕಿ ಕಂತಲ್ಲಿ ನಮಗೆ ಕಳಿಸೋರು. ಒಂದು ಕಂತು ಮೊಪೆಡ್ಡಲ್ಲಿ, ಇನ್ನೊಂದು ಕಂತು ಬಸ್ಸಲ್ಲಿ. ನಾವು ಅದ್ರ ಹಿಂದೆ ಹಿಂದೆ ಓಡಿಸೋದು.

ಒಂಟೇದ್ರ ದಿನ ಏಳನೇ ಎಂಟನೇ ರೀಲು ಹೊತ್ತ ಮೊಪೆಡ್ಡು ದಾರೀಲಿ ಪಂಕ್ಚರ್ ಆಯ್ತು. ಒಂಬತ್ತು ಹತ್ತನೇ ರೀಲಿದ್ದ ಬಸ್ಸು ಅದನ್ನ ಓವರ್‌ಟೇಕ್ ಮಾಡ್ಕೊಂಡು ಬಂದ್ಬುಡ್ತು. ಡ್ರೈವರ್ರಿಗೆ ಅವತ್ತು ಎಂಥ ಅವಸರವೋ. ಬೇರೆ ದಿನ ಆ ಬಸ್ಸು ಎಮ್ಮೆ ಅಡ್ಡ ಬಂದ್ರೆ ಎಮ್ಮೆ ತಾನಾಗೇ ಬೇಜಾರಾಗಿ ಹೋಗೋ ತನಕ ನಿಲ್ತಿತ್ತು. ನೆನೆಸ್ಕೊಂಡ್ರೆ ಈಗ್ಲೂ ಮೈ ಉರೀತದೆ.

ಇಂಟರ್‌ವಲ್ ಮುಗಿದು ಹತ್ತು ನಿಮಿಷ ಆಗಿತ್ತು. ಕೆಳಗೆ ಕುರ್ಚಿ ಕುಟ್ತಾ ಇದ್ರು, ಒಬ್ಬ ನನ್ನ ತಾಯಿ ವಿಷಯಕ್ಕೆ ಬಂದಿದ್ದ. ಕೈಗೆ ಸಿಕ್ಕಿದ ಒಂಬತ್ತು ಹತ್ತು ಹಾಕ್ಬುಟ್ಟೆ. ಅಷ್ಟ್ರಲ್ಲಿ ಏಳು ಎಂಟು ಬಂತು, ಅದನ್ನೂ ಹಾಕ್ದೆ. ಸತ್ತವ್ನು ಕಾಫಿ ಕುಡಿಯೋವಾಗ ಟಾಕೀಸಿನವರೆಲ್ಲ ಎದ್ದು ನಿಂತು ಶಿಳ್ಳೆ ಹೊಡೆದ್ರು. ಓನರ್ರು ಮೇಲೆ ಬಂದು, "ಒಳ್ಳೆ ಸೀನು ಕಣಯ್ಯ, ಮುಂದಿನ ವಾರಾನೂ ಹಿಂಗೇ ಹಾಕು," ಅಂತ ಹೇಳೋಗಿದ್ರು.

4. ಮದುಮಗನ ಕೋಟು

ಗಾವಡಗೆರೆಯಿಂದ ಒಬ್ರು ಯಜಮಾನ್ರು ಮಗನ ಮದುವೆಗೆ ಕೋಟಿನ ಬಟ್ಟೆ ತಂದಿದ್ರು. ಹಿಮದ್ರಲ್ಲಿ ಏಜೆಂಟು ಹಾಕ್ಕೊಂಡಿದ್ದಂಥದ್ದೇ ಹೊಲಿದುಕೊಡ್ತೀನಿ ಅಂತ ಟೈಲರಣ್ಣ ಟೇಪು ಎಳೀತಿದ್ದ.

ವಾಚಣ್ಣ ತಲೆ ಎತ್ತದೇನೇ, "ಯಜಮಾನ್ರೆ, ಒಂಟೇದೇ ಅರ್ಥ ಆಗದವ್ನ ಕೈಲಿ ಕೋಟು ಹೊಲಿಸಬೇಡಿ," ಅಂದ.

ಯಜಮಾನ್ರು ಇವ್ನ ಮುಖ ನೋಡಿದ್ರು, ಅವ್ನ ಮುಖ ನೋಡಿದ್ರು, ಬಟ್ಟೆ ಸುತ್ಕೊಂಡು ಎದ್ರು. "ನಮ್ಮ ಕಡೆ ಮದುವೇಲಿ ಒಂಟೆ ತರೋ ಪದ್ಧತಿ ಇಲ್ಲ ಕಣಪ್ಪ," ಅಂತ ಹೇಳಿ ಎದುರು ಅಂಗಡಿಗೆ ಹೋದ್ರು.

5. ಪ್ಲೈವುಡ್ಡು

ಅವತ್ತೇ ಮಾತು ನಿಂತೋಯ್ತು. ಮಾರನೇ ದಿನ ಅಂಗಡಿ ಮಧ್ಯಕ್ಕೆ ಪ್ಲೈವುಡ್ ಹಲಗೆ ಬಂತು. ಸಿಟ್ಟಲ್ಲಿ ಒಂದು ವಿಷಯ ಇಬ್ರೂ ಮರೆತಿದ್ರು. ಫ್ಯಾನು ವಾಚಣ್ಣನ ಕಡೆ ಉಳೀತು, ಅದ್ರ ರೆಗ್ಯುಲೇಟರ್ರು ಟೈಲರಣ್ಣನ ಕಡೆ.

ಟೈಲರಣ್ಣನಿಗೆ ಒಂಟೇದು ನೆನಪಾದಾಗೆಲ್ಲ ಐದಕ್ಕೆ ತಿರುಗಿಸೋನು. ಆ ಕಡೆ ವಾಚಿನ ಮುಳ್ಳು, ಸ್ಕ್ರೂ, ಎಳ್ಳಿನಷ್ಟು ಸಣ್ಣ ಚಕ್ರ ಎಲ್ಲ ಹಾರಿಹೋಗೋವು. ವಾಚಣ್ಣ ಅರ್ಧ ದಿನ ನೆಲದ ಮೇಲೆ ಮಂಡಿಯೂರಿಕೊಂಡೇ ಇರ್ತಿದ್ದ. ಗಿರಾಕಿಗಳು ಪೂಜೆ ಮಾಡ್ತಾವ್ನೆ ಅಂತ ಚಪ್ಪಲಿ ಬಿಟ್ಟು ಒಳಗೆ ಬರೋರು.

ಅವ್ನೂ ಸುಮ್ನಿರೋ ಆಸಾಮಿ ಅಲ್ಲ. ಈ ಕಡೆ ಟೈಲರಣ್ಣ ಯಾರಿಗಾದ್ರೂ ಅಳತೆ ತಗೋಳೋ ಸದ್ದು ಕೇಳಿದ್ರೆ ಹನ್ನೆರಡು ಅಲಾರಂ ಗಡಿಯಾರಾನ ಒಟ್ಟಿಗೆ ಬಡಿಸೋನು. ನಮ್ಮೂರಿನ ಮೇಷ್ಟ್ರೊಬ್ರು ಹೆದರಿ ಉಸಿರು ಒಳಗೆ ಎಳ್ಕೊಂಡ್ರು, ಟೈಲರಣ್ಣ ಅದೇ ಸೊಂಟದ ಅಳತೆ ಬರ್ಕೊಂಡ. ಆ ಪ್ಯಾಂಟು ಹಾಕ್ಕೊಂಡ ದಿನ ಮೇಷ್ಟ್ರು ಸ್ಕೂಲಲ್ಲಿ ಯಾರಿಗೂ ಬಯ್ಯಲಿಲ್ಲ. ಬಯ್ಯೋಕೆ ಉಸಿರು ಬಿಡಬೇಕಲ್ಲ.

6. ಕೆ.ಆರ್. ನಗರದವ್ನು

ಕೆ.ಆರ್. ನಗರದಿಂದ ಒಬ್ಬ ಆಸಾಮಿ ವಾಚು ರಿಪೇರಿಗೆ ಬಂದಿದ್ದ. ನಾನೂ ಅಲ್ಲೇ ಕೂತಿದ್ದೆ. ಮಾತು ಏಜೆಂಟನ ಕಡೆಗೆ ತಿರುಗ್ತು. ಒಂಟೇದನ್ನ ಅವ್ನೂ ಅವರೂರಲ್ಲಿ ನೋಡಿದ್ನಂತೆ. ಬೋಳುತಲೆಯವ್ನು ಬಾವಿಗೆ ಬಿದ್ದ, ಸತ್ತ, ಅಷ್ಟೇ, ಎಲ್ಲೂ ಎದ್ದು ಬರಲಿಲ್ಲ ಅಂದ. ನಾನು ಚಪ್ಪಲಿ ಹುಡುಕೋಕೆ ಶುರು ಮಾಡ್ದೆ.

ಹಲಗೆಯ ಆ ಕಡೆಯಿಂದ ಟೈಲರಣ್ಣ, "ಕೆ.ಆರ್. ನಗರದವ್ರಿಗೆ ಪಿಚ್ಚರ್ ನೋಡಾಕೆ ಬರಾಕಿಲ್ಲ," ಅಂದ.

ಈ ಕಡೆಯಿಂದ ವಾಚಣ್ಣ, "ಊ ಕಣ್ಲಾ, ಅರ್ಧಕ್ಕೇ ಎದ್ದೋಗಿರ್ತಾನೆ," ಅಂದ.

ನಾಲ್ಕು ವರ್ಷದಲ್ಲಿ ಅವ್ರು ಆಡಿದ ಮೊದಲನೇ ಮಾತು ಅದು. ಆಡಿದ ಮೇಲೇ ಇಬ್ರಿಗೂ ಅದು ಗೊತ್ತಾಯ್ತು. ತಕ್ಷಣ ಫ್ಯಾನು ಐದಕ್ಕೆ ತಿರುಗ್ತು, ಕೆ.ಆರ್. ನಗರದವ್ನ ವಾಚಿನ ಮುಳ್ಳು ಕಿಟಕಿಯಿಂದ ಆಚೆ ಹೋಯ್ತು.

7. ಕರೆಂಟು

ಎರಡು ಸಾವಿರ ಇಸವಿ ದಾಟಿದ ಮೇಲೆ ಊರಿಗೆ ಮೊಬೈಲು ಬಂತು. ಓನರಮ್ಮ ಒಂದಿನ ಬಂದು ಹಲಗೆ ಮುಂದೆ ನಿಂತ್ಕೊಂಡ್ರು. ತಾನು ಕೊಟ್ಟಿದ್ದು ಒಂದು ಅಂಗಡಿ, ಇಲ್ಲಿ ಎರಡು ಕಾಣ್ತಾ ಇದೆ ಅಂದ್ರು. ಸೋಮವಾರದೊಳಗೆ ಹಲಗೆ ತೆಗೆದು ಇಬ್ರೂ ಕರಾರಿಗೆ ರುಜು ಹಾಕ್ಬೇಕು, ಇಲ್ಲ ಅಂದ್ರೆ ಮೊಬೈಲಿನವ್ನಿಗೆ ಕೊಡ್ತೀನಿ ಅಂತ ಹೇಳಿ ಹೋದ್ರು.

ಒಂಟೇದು ದರಿದ್ರ ಅಂತ ಅವ್ನು ಒಪ್ಲಿ, ರುಜು ಹಾಕ್ತೀನಿ ಅಂದ ಟೈಲರಣ್ಣ. ಅಲ್ಲ ಅಂತ ಅವ್ನು ಒಪ್ಲಿ, ನಾನೂ ಹಾಕ್ತೀನಿ ಅಂದ ವಾಚಣ್ಣ. ಹೇಳಿದ್ದೆಲ್ಲ ನನ್ನ ಮೂಲಕ. ಹಲಗೆ ಸುತ್ತಿ ಸುತ್ತಿ ನನ್ನ ಚಪ್ಪಲಿ ಸವೀತು.

ಆ ಭಾನುವಾರ ಮಧ್ಯಾಹ್ನ ಕೇಬಲ್ಲಲ್ಲಿ ಒಂಟೇದೇ ಬರ್ತದೆ ಅಂತ ಗೊತ್ತಾಯ್ತು. ಟೀ ಹೋಟ್ಲು ಟೀವಿ ಮುಂದೆ ಇಬ್ರೂ ಬಂದು ಬೇರೆ ಬೇರೆ ಬೆಂಚಲ್ಲಿ ಕೂತ್ರು, ನಾನು ನಡುವೆ. ಇಲ್ಲೇ ತೀರ್ಮಾನ ಆಗಿಹೋಗ್ಲಿ ಅಂತ. ನನಗೂ ಒಳಗೊಳಗೆ ಸಮಾಧಾನ. ರೀಲು ಸರಿಯಾಗಿ ಓಡ್ತದೆ, ನಾನು ಬಾಯಿ ಬಿಡದೇನೇ ಎಲ್ಲ ಸರಿಹೋಗ್ತದೆ.

ಬೋಳುತಲೆ ಡೇರೆ ಕಡೆ ನಡ್ಕೊಂಡು ಬಂದ. ಕರೆಂಟು ಹೋಯ್ತು.

ಒಂದು ಗಂಟೆ ಕಾದ್ವಿ. ಬರಲಿಲ್ಲ. ಟೈಲರಣ್ಣ ಎದ್ದು ಪಂಚೆ ಕೊಡವಿ, "ಓನರಮ್ಮನಿಗೆ ಹೇಳ್ಬುಡು. ಮೊಬೈಲ್ನವ್ನಿಗೇ ಕೊಡ್ಲಿ," ಅಂತ ನನಗೆ ಹೇಳ್ದ. ವಾಚಣ್ಣ ಆ ಕಡೆ ತಿರುಗಿ ಗೋಡೆ ಮೇಲೆ ನಿಂತೋಗಿದ್ದ ಗಡಿಯಾರ ನೋಡ್ತಾ ನಿಂತ. ಅವ್ನು ಅದಕ್ಕೆ ಕೀ ಕೊಡೋಕೂ ಹೋಗ್ಲಿಲ್ಲ.

ನನಗೆ ತಡೀಲಿಲ್ಲ. ಪಂಕ್ಚರು, ಬಸ್ಸು, ಏಳು, ಒಂಬತ್ತು, ಎಲ್ಲ ಹೇಳ್ದೆ.

"ಬಸ್ಸಾ?" ಅಂದ ವಾಚಣ್ಣ.

"ಬಸ್ಸು ಕಣಣ್ಣ."

ಕಾಲವನ್ನ ಹಿಂದಕ್ಕೆ ತಿರುಗಿಸಿದ್ದು ಡೈರೆಕ್ಟರ್ರಲ್ಲ, ಸರ್ಕಾರಿ ಬಸ್ಸು ಅಂತ ಅವ್ನಿಗೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಹಿಡೀತು.

"ಎಂಟು ವರ್ಷ ಕಣ್ಲಾ," ಅಂದ ಟೈಲರಣ್ಣ. ಅದಕ್ಕೆ ಮುಂಚೆ ನನ್ನ ಜೀವನದಲ್ಲಿ ಇಬ್ರು ಒಟ್ಟಿಗೆ ನನ್ನನ್ನ ಅಷ್ಟು ಬಯ್ದಿದ್ದಿಲ್ಲ. ಒಬ್ಬ ಬಿಟ್ಟ ಮಾತನ್ನ ಇನ್ನೊಬ್ಬ ಎತ್ಕೊಳ್ಳೋನು. ನನ್ನ ತಾತನ ಕಾಲದ ತನಕ ಹೋಗಿ, ಅಲ್ಲಿಂದ ಜೊತೇಲೇ ವಾಪಸ್ ಬಂದ್ರು. ಬಯ್ದು ಸುಸ್ತಾಗಿ ಒಂದೇ ಬೆಂಚಲ್ಲಿ ಕೂತು ಟೀ ಕುಡಿದ್ರು. ನನಗೆ ಮಾತ್ರ ಟೀ ಹೇಳಲಿಲ್ಲ.

ಸಾಯಂಕಾಲಕ್ಕೆ ಹಲಗೆ ಬಿಚ್ಚಿದ್ರು. ಸೋಮವಾರ ಇಬ್ರೂ ಒಂದೇ ಪೆನ್ನಲ್ಲಿ ರುಜು ಹಾಕಿದ್ರು.

ಒಂದು ತಿಂಗಳು ನಾನು ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಧೈರ್ಯ ಮಾಡಿ, ಹಬ್ಬಕ್ಕೆ ಅಂತ ಮುಂಚೇನೇ ಕೊಟ್ಟಿದ್ದ ಶರ್ಟ್ ಬಟ್ಟೆ ಕೇಳೋಕೆ ಹೋದೆ. ಟೈಲರಣ್ಣ ಮಡಿಚಿದ್ದ ಶರ್ಟು ತೆಗೆದು ಕೊಟ್ಟ. ಬಿಡಿಸಿ ನೋಡಿದೆ. ಹೊಲಿಗೆ ಬಹಳ ಚೆನ್ನಾಗಿತ್ತು, ಇಸ್ತ್ರೀನೂ ಮಾಡಿದ್ದ. ಕಾಲರ್ರು ಇರಬೇಕಾದ ಜಾಗದಲ್ಲಿ ತೋಳಿನ ಕಫ್ಫು, ಕಫ್ಫು ಇರಬೇಕಾದ ಜಾಗದಲ್ಲಿ ಕಾಲರ್ರು.

ಇದೇನಣ್ಣ ಅಂತ ಕೇಳ್ದೆ. ಟೈಲರಣ್ಣ ಮಿಷನ್ ತುಳೀತಾನೇ ಇದ್ದ. ಪಕ್ಕದಿಂದ ವಾಚಣ್ಣ, ಕಣ್ಣಿನ ಭೂತಗನ್ನಡಿ ತೆಗೀದೇನೇ, ಅವ್ನ ಪರವಾಗಿ ಉತ್ತರ ಕೊಟ್ಟ.

"ಬೇಕಂತ್ಲೇ ಮಡಗವ್ನೆ. ಅರ್ಥ ಆಗಾಕೆ ತಲೆ ಬೇಕು."